ಚಳಿಗಾಲದ ಸುಂದರಬನ: ದೋಣಿ ಹತ್ತುವ ಮುನ್ನ ನೀರಿನ ವೇಳೆ ಕೇಳಿ

ಪಶ್ಚಿಮ ಬಂಗಾಳದ ಸುಂದರಬನವನ್ನು ನೋಡಲು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವೇ ಹಿತಕರ. ಆದರೆ ಆ ತಿಂಗಳುಗಳಲ್ಲಿ ಯಾವ ದಿನ ಹೋಗಬೇಕೆಂಬುದನ್ನು ರಜೆಯ ಅನುಕೂಲಕ್ಕಿಂತ ಉಬ್ಬರ–ಇಳಿತವನ್ನು ನೋಡಿ ನಿರ್ಧರಿಸುವುದು ಮೇಲು. ಈ ಜೌಗುಕಾಡಿನಲ್ಲಿ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಆ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಚಳಿಯ ದಿನಗಳಲ್ಲಿ ಮೊಸಳೆಗಳು ಮೈ ಕಾಯಿಸಿಕೊಳ್ಳಲು ಕೆಸರಿನ ದಂಡೆಗೆ ಬರುತ್ತವೆ. ಬಿಸಿಲೇರುವ ಹೊತ್ತಿಗೆ ದಂಡೆಯೇ ಮುಳುಗಿದ್ದರೆ ಅವು ಕಾಣುವುದು ಕಷ್ಟ. ಹಾಗಾಗಿ ಮುಂಗಡ ಕೊಡುವ ಮೊದಲೇ ದೋಣಿಯವರನ್ನು ವಿಚಾರಿಸಿ, ನೀರು ಪೂರ್ತಿ ಇಳಿಯುವ ಸಮಯ ಬೆಳಗಿನ 10ರಿಂದ ಮಧ್ಯಾಹ್ನ 1 ಗಂಟೆಯೊಳಗೆ ಬೀಳುವ ದಿನಗಳನ್ನು ಆರಿಸಿಕೊಳ್ಳಿ.

ಕೋಲ್ಕತ್ತದ ಸಿಯಾಲ್ದಾದಿಂದ ಲೋಕಲ್ ರೈಲಿನಲ್ಲಿ ಕ್ಯಾನಿಂಗ್, ಅಲ್ಲಿಂದ ರಸ್ತೆಯಲ್ಲಿ ಗದಖಾಲಿ ತಲುಪಿದರೆ ದೋಣಿ ಸಿಗುತ್ತದೆ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿಯೂ ನೋಂದಾಯಿತ ಮಾರ್ಗದರ್ಶಿಯೂ ಬೇಕೇ ಬೇಕು. ಗುರುತಿನ ಚೀಟಿಯ ಮೂಲಪ್ರತಿ ಜೊತೆಯಲ್ಲಿರಲಿ. ಒಂದೇ ದಿನದ ಪ್ರವಾಸಕ್ಕೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಮಂಜು ಕವಿದ ಬೆಳಗಿನಲ್ಲಿ ದೋಣಿ ಹೊರಡುವುದೇ ತಡವಾಗಿ, ಇದ್ದ ಅರ್ಧ ದಿನವೂ ಹೋಗಿಬರುವುದರಲ್ಲೇ ಕಳೆದುಹೋಗುತ್ತದೆ. ಎರಡು ರಾತ್ರಿ ತಂಗಿರಿ. ದಡದಲ್ಲಿ ಹಿತವೆನಿಸುವ ಚಳಿ ಓಡುವ ದೋಣಿಯ ಗಾಳಿಯಲ್ಲಿ ಕೊರೆಯತೊಡಗುವುದರಿಂದ ಕಿವಿ ಮುಚ್ಚುವ ಟೋಪಿ ಮತ್ತು ಗಾಳಿ ತಡೆಯುವ ಜಾಕೆಟ್ ಅಗತ್ಯ.

ನೀರು ಇಳಿದಾಗ ದಂಡೆಯ ಹತ್ತಿರ ಎಂಜಿನ್ ನಿಲ್ಲಿಸಲು ಕೇಳಿಕೊಳ್ಳಿ. ಗಾಳಿಯಾಡದ ಕೆಸರಿನಿಂದ ಮೊಳೆ ನೆಟ್ಟಂತೆ ಮೇಲೆದ್ದ ಸುಂದರಿ ಮರದ ಉಸಿರುಬೇರುಗಳ ನಡುವೆ ಬೆರಳುದ್ದದ ಮಡ್‌ಸ್ಕಿಪ್ಪರ್ ಮೀನು ಎದೆಯ ರೆಕ್ಕೆಗಳನ್ನೂರಿ ತೆವಳುತ್ತದೆ, ನಿಲ್ಲುತ್ತದೆ, ಉಬ್ಬಿದ ಕಣ್ಣುಗಳನ್ನು ಒಮ್ಮೆ ಒಳಗೆಳೆದುಕೊಂಡು ಮತ್ತೆ ಜಿಗಿಯುತ್ತದೆ. ನಮ್ಮ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಆಡಿ ಬೆಳೆದವರಿಗೆ ಈ ನೋಟ ಹೊಸದಲ್ಲ. ತುಸು ದೂರದಲ್ಲಿ ಕೆಸರು ಮೆತ್ತಿದ ಮರದ ದಿಮ್ಮಿಯಂತೆ ಬಿದ್ದಿರುವುದನ್ನು ದುರ್ಬೀನಿನಲ್ಲಿ ನೋಡಿ. ಅದು ಮೊಸಳೆಯೇ ಆಗಿರಬಹುದು.

ಹುಲಿಯನ್ನು ತೋರಿಸಲೇಬೇಕೆಂದು ಮಾರ್ಗದರ್ಶಿಯನ್ನು ಒತ್ತಾಯಿಸಬೇಡಿ. ಹೇತಾಳ್ ಎಂಬ ಕುಳ್ಳ ಈಚಲಿನ ಹಳದಿ ಗರಿಗಳ ಮರೆಯಲ್ಲಿ ಪಟ್ಟೆಯ ಮೈ ಕರಗಿಹೋಗುತ್ತದೆ. ಅದರ ಬದಲು ಕೆಸರಿನ ಮೇಲಿನ ಹೆಜ್ಜೆಗುರುತನ್ನು ತೋರಿಸಲು ಕೇಳಿ: ಅಂಚು ಇನ್ನೂ ಚೂಪಾಗಿದ್ದರೆ ಹುಲಿ ದಾಟಿ ಹೆಚ್ಚು ಹೊತ್ತಾಗಿಲ್ಲ, ಏಕೆಂದರೆ ಹಿಂದಿನ ಉಬ್ಬರಕ್ಕೆ ಮುಳುಗಿದ್ದ ದಂಡೆಯಲ್ಲಿ ಹಳೆಯ ಗುರುತು ಅಷ್ಟು ಸ್ಪಷ್ಟವಾಗಿ ಉಳಿಯದು. ಹೆಜ್ಜೆ ಎಷ್ಟೇ ಹತ್ತಿರವಿರಲಿ, ದಂಡೆಗೆ ಇಳಿಯುವಂತಿಲ್ಲ. ದೋಣಿಯಂಚಿನಿಂದ ಕೈಯನ್ನೂ ನೀರಿಗೆ ಇಳಿಬಿಡಬಾರದು.

ಕಿರಿದಾದ ಕವಲುಗಳನ್ನು ನೀರು ಮತ್ತೆ ಏರತೊಡಗಿದ ಮೇಲೆ ನೋಡಲು ಉಳಿಸಿಕೊಳ್ಳಿ. ಇಳಿತದಲ್ಲಿ ಅಲ್ಲಿಗೆ ನುಗ್ಗಿದ ದೋಣಿಯ ತಳ ಕೆಸರಿಗೆ ಕಚ್ಚಿಕೊಂಡರೆ ಮುಂದಿನ ಉಬ್ಬರ ಬರುವವರೆಗೂ ಅಲ್ಲೇ ಕಾಯಬೇಕಾಗುತ್ತದೆ.