ರಟ್ಟಿನ ದಪ್ಪಕ್ಕೆ ಜಾಗ ಬಿಟ್ಟ ಮೇಲೆ ಫ್ರೇಮ್ ನಿಂತಿತು

ಕಲಬುರಗಿಯಲ್ಲಿ ನಮ್ಮದೊಂದು ಚಿಕ್ಕ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್, ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಶನ್, ಜೊತೆಗೆ ಮೊಬೈಲಿನಿಂದ ಫೋಟೋ ಪ್ರಿಂಟ್. ಶರಣಬಸವೇಶ್ವರ ಜಾತ್ರೆ ಬಂತೆಂದರೆ ಫೋಟೋ ಕೆಲಸ ಜಾಸ್ತಿ. ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಬಂದವರು ಮೊಬೈಲ್ ಕೊಟ್ಟು, "ಇದೊಂದು ಫೋಟೋ ತೆಗದು ಕೊಡ್ರಿ ಅಕ್ಕೋರೆ" ಅನ್ನುತ್ತಾರೆ. ನಾಲ್ಕು-ಆರು ಇಂಚಿನ ಪ್ರಿಂಟಿಗೆ ನಾವು ತಗೊಳ್ಳುವುದು 20 ರೂಪಾಯಿ. ಅದಕ್ಕೆ ಕಟ್ಟು ಹಾಕಿಸಬೇಕೆಂದರೆ ಗಾಜು, ಪಟ್ಟಿ, ಮಜೂರಿ ಎಲ್ಲ ಸೇರಿ 150 ರೂಪಾಯಿಗೆ ಕಡಿಮೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಅಜ್ಜಿ ಮೊಮ್ಮಗಳ ಫೋಟೋ ಕೈಯಲ್ಲಿ ಹಿಡಿದುಕೊಂಡು ಲೆಕ್ಕ ಕೇಳಿದರು. ಕೇಳಿ, "ಫೋಟೋಕಿಂತ ಕಟ್ಟೇ ತುಟ್ಟಿ ಅದಲ್ರಿ. ಬ್ಯಾಡ ಬಿಡ್ರಿ, ಗ್ವಾಡಿಗಿ ಹಂಗೇ ಅಂಟಸ್ತೀನಿ" ಅಂದು ಹೊರಟುಬಿಟ್ಟರು. ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸಿದ ಫೋಟೋ ಒಂದು ಮಳೆಗಾಲ ದಾಟುವುದಿಲ್ಲ, ಅದು ನನಗೆ ಗೊತ್ತಿತ್ತು. ಆ ಮಾತು ತುಂಬಾ ದಿನ ತಲೆಯಲ್ಲೇ ಕೂತಿತ್ತು.

ಅಂಗಡಿಯ ಹಿಂದೆ ರಟ್ಟಿನ ಡಬ್ಬಗಳು ಬಿದ್ದಿರುತ್ತವೆ. ಪೇಪರ್ ಬಂಡಲ್ ಬಂದ ಡಬ್ಬ, ಪಕ್ಕದ ಔಷಧಿ ಅಂಗಡಿಯವರು ಇಟ್ಟ ಡಬ್ಬ. ಇದರಲ್ಲೇ ಫ್ರೇಮ್ ಮಾಡಿದರೆ ಹೇಗೆ ಅಂತ ಶುರು ಮಾಡಿದೆ. ಶರತ್ತು ಎರಡೇ. 30 ರೂಪಾಯಿಗೆ ಕೊಡಲು ಆಗಬೇಕು. ತಗೊಂಡವರು ಮನೆಗೆ ಹೋಗಿ ಅಂಟು, ಮೊಳೆ, ಕತ್ತರಿ ಏನೂ ಇಲ್ಲದೆ ಮಡಚಿ ನಿಲ್ಲಿಸಬೇಕು. ಬಸ್ಸಿನಲ್ಲಿ ಹೋಗುವವರಿಗೆ ಹಾಳೆಯ ಹಾಗೆ ಚಪ್ಪಟೆಯಾಗಿ ಕೊಟ್ಟರೆ ಚೀಲದಲ್ಲಿ ಮುರಿಯುವುದಿಲ್ಲ, ಹಾಗಾಗಿ ಎರಡನೆಯದು ನನಗೆ ಬೆಲೆಯಷ್ಟೇ ಮುಖ್ಯವಾಗಿತ್ತು.

ಮೊದಲು ಮಾಡಿದ್ದು ಅಂಟಿನ ಫ್ರೇಮ್. ಮೂರು ರಟ್ಟು ಕತ್ತರಿಸಿ, ಮೈದಾ ಅಂಟು ಕಾಯಿಸಿ ಒಂದರ ಮೇಲೊಂದು ಅಂಟಿಸಿ, ಮುಂದೆ ಬಣ್ಣದ ಕಾಗದ ಹಚ್ಚಿದೆ. ರಾತ್ರಿ ಚೆಂದ ಕಂಡಿತು, ಬೆಳಿಗ್ಗೆ ನೋಡಿದರೆ ಹಪ್ಪಳದ ಹಾಗೆ ಬಾಗಿತ್ತು. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಹಿಂದಕ್ಕೂ ಅಷ್ಟೇ ಕಾಗದ ಅಂಟಿಸಿದರೆ ಎರಡೂ ಕಡೆ ಎಳೆತ ಸಮ ಆಗಿ ನೆಟ್ಟಗೆ ನಿಲ್ಲುತ್ತದೆ, ಇದು ಆಮೇಲೆ ಗೊತ್ತಾಯಿತು. ಆದರೂ ಮೈದಾ ಅಂಟು ಬಿಟ್ಟೆ. ಜಿರಲೆಗೂ ಬೆಳ್ಳಿಹುಳಕ್ಕೂ ಅದು ಊಟ. ಟೇಪ್ ಕೂಡ ನೋಡಿದೆ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಅದರ ಅಂಟು ಕರಗಿ ಜಾರುತ್ತದೆ, ಅಂಚಿನಲ್ಲಿ ಜಿಗುಟು ಬಂದು ಧೂಳು ಹಿಡಿಯುತ್ತದೆ. ಅಂದಮೇಲೆ ಉಳಿದದ್ದು ಮಡಿಕೆ ಒಂದೇ.

ಮಡಚುವ ಮೊದಲು ರಟ್ಟನ್ನು ತಿಳಿದುಕೊಳ್ಳಬೇಕು. ಎರಡು ಚಪ್ಪಟೆ ಕಾಗದ, ನಡುವೆ ಅಲೆ ಅಲೆಯಾದ ಇನ್ನೊಂದು ಕಾಗದ, ಇದು ಮೂರು ಪದರದ ರಟ್ಟು. ಸಾಮಾನ್ಯವಾಗಿ 3ರಿಂದ 4 ಮಿ.ಮೀ. ದಪ್ಪ. ಐದು ಪದರದ್ದು 6-7 ಮಿ.ಮೀ. ಇರುತ್ತದೆ, ಟಿವಿ, ಫ್ರಿಜ್ಜಿನ ಡಬ್ಬದಲ್ಲಿ ಸಿಗುತ್ತದೆ. ಚಿಕ್ಕ ಫ್ರೇಮಿಗೆ ಮೂರು ಪದರ ಸಾಕು. ಅಲೆ ಯಾವ ಕಡೆ ಹೋಗಿದೆ ಎನ್ನುವುದೇ ಎಲ್ಲಕ್ಕಿಂತ ದೊಡ್ಡ ವಿಷಯ. ಅಲೆಯ ಉದ್ದಕ್ಕೆ ರಟ್ಟು ಗಟ್ಟಿ, ಅಡ್ಡಕ್ಕೆ ಮೆತ್ತಗೆ. ಡಬ್ಬದ ಗೋಡೆಗಳಲ್ಲಿ ಅಲೆಗಳು ಮೇಲಿಂದ ಕೆಳಕ್ಕೆ ನಿಂತಿರುತ್ತವೆ, ಒಂದರ ಮೇಲೊಂದು ಡಬ್ಬ ಇಟ್ಟಾಗ ಭಾರ ಹೊರುವುದಕ್ಕೆ. ನಾನು ಫ್ರೇಮಿನ ಉದ್ದದ ಬದಿಯನ್ನು ಯಾವಾಗಲೂ ಅಲೆಯ ದಿಕ್ಕಿನಲ್ಲೇ ಇಡುತ್ತೇನೆ.

ಈಗ ಫ್ರೇಮಿನ ಅಳತೆ. ಮುಂದಿನ ಮುಖ 140 ಮಿ.ಮೀ. ಅಗಲ, 190 ಮಿ.ಮೀ. ಎತ್ತರ. ಮಧ್ಯೆ ಫೋಟೋ ಕಾಣಲು ಕಿಟಕಿ. ನಾಲ್ಕೂ ಬದಿಗೆ ಒಂದು ಸಣ್ಣ ಗೋಡೆ, ಅದರಾಚೆ 35 ಮಿ.ಮೀ. ಅಗಲದ ಒಂದು ರೆಕ್ಕೆ. ಗೋಡೆ ಹಿಂದಕ್ಕೆ ಮಡಚುತ್ತದೆ, ರೆಕ್ಕೆ ಮತ್ತೆ ಒಳಕ್ಕೆ ಮಡಚುತ್ತದೆ. ಒಳಗೆ ಮೊದಲು ಪಾರದರ್ಶಕ ಹಾಳೆ, ಅದರ ಹಿಂದೆ ಫೋಟೋ, ಆಮೇಲೆ ಒಂದು ಬಿಳಿ ಕಾಗದ, ಕೊನೆಗೆ 133×183 ಮಿ.ಮೀ. ಬೆನ್ನು ರಟ್ಟು. ಉದ್ದ ಬದಿಯ ರೆಕ್ಕೆಗಳು ಮೊದಲು ಮಡಚಿ ಕೂರುತ್ತವೆ, ಗಿಡ್ಡ ಬದಿಯ ರೆಕ್ಕೆಗಳು ಅವುಗಳ ಮೇಲೆ ಬರುತ್ತವೆ. ಗಿಡ್ಡ ರೆಕ್ಕೆಯ ಎರಡು ತುದಿಯಲ್ಲಿ ಸಣ್ಣ ನಾಲಿಗೆ ಇದೆ. ಅದು ಉದ್ದ ರೆಕ್ಕೆಯಲ್ಲಿ ಕೊರೆದ ಸೀಳಿನೊಳಗೆ ಹೋಗಿ ಹಿಡಿದುಕೊಳ್ಳುತ್ತದೆ, ಅಷ್ಟೇ. ಫೋಟೋ ಬದಲಾಯಿಸಬೇಕೆಂದರೆ ನಾಲಿಗೆ ಎಳೆದು ಬಿಚ್ಚಿದರಾಯಿತು.

ಕಾಗದದ ಮೇಲೆ ಗೀಚಿದಾಗ ಎಲ್ಲ ಸರಿಯಾಗಿತ್ತು. ಕತ್ತರಿಸಿ ಮಡಚಿದರೆ ಗಿಡ್ಡ ರೆಕ್ಕೆ ಕೂರಲೇ ಇಲ್ಲ. ಒತ್ತಿ ಕೂರಿಸಿದರೆ ಉಬ್ಬುತ್ತಿತ್ತು. ನಾಲಿಗೆ ಸೀಳಿಗೆ ಮುಟ್ಟುತ್ತಿರಲಿಲ್ಲ, ಮುಟ್ಟಿದರೂ ಐದು ನಿಮಿಷಕ್ಕೆ ಹಾರಿ ಬರುತ್ತಿತ್ತು. ಏಳೆಂಟು ಫ್ರೇಮ್ ಹೀಗೇ ಹಾಳಾದವು. ಕಟ್ಟರ್ ಸರಿಯಿಲ್ಲ, ರಟ್ಟು ಸರಿಯಿಲ್ಲ ಅಂದುಕೊಳ್ಳುತ್ತಾ ದಿನ ಕಳೆದೆ. ಕೊನೆಗೆ ಒಂದನ್ನು ಮಡಚಿದ ಹಾಗೇ ನಡುವೆ ಕೊಯ್ದು, ಕೊಯ್ದ ಬದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಆಗ ಕಂಡಿತು. ನಾಲ್ಕೂ ಗೋಡೆಗೆ ನಾನು ಒಂದೇ ಎತ್ತರ ಕೊಟ್ಟಿದ್ದೆ. ಆದರೆ ಗಿಡ್ಡ ಬದಿಯ ಗೋಡೆ ಬೆನ್ನು ರಟ್ಟನ್ನು ಮಾತ್ರ ದಾಟಿದರೆ ಸಾಲದು, ಅದರ ಮೇಲೆ ಆಗಲೇ ಮಲಗಿರುವ ಉದ್ದ ರೆಕ್ಕೆಯನ್ನೂ ದಾಟಬೇಕು. ಅಂದರೆ ಇನ್ನೂ ಒಂದು ರಟ್ಟಿನ ದಪ್ಪ, 3 ಮಿ.ಮೀ. ಕಾಗದ ಮಡಚಿ ಅಭ್ಯಾಸ ಇರುವ ಕೈ ಇದನ್ನು ಯೋಚಿಸುವುದಿಲ್ಲ, ಕಾಗದಕ್ಕೆ ದಪ್ಪ ಇದ್ದೂ ಇಲ್ಲದ ಹಾಗೆ. ರಟ್ಟು ಪ್ರತಿ ಮಡಿಕೆಯಲ್ಲೂ ತನ್ನ ಜಾಗ ಕೇಳುತ್ತದೆ. ಉದ್ದ ಬದಿಯ ಗೋಡೆ 7 ಮಿ.ಮೀ., ಗಿಡ್ಡ ಬದಿಯದು 10 ಮಿ.ಮೀ. ಮಾಡಿದೆ. ಆ ದಿನ ನಾಲಿಗೆ ಸೀಳಿಗೆ ಹೋಗಿ ಟಕ್ ಅಂತ ಕೂತಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಹತ್ತು ಸಲ ಬಿಚ್ಚಿ ಹಾಕಿ ನೋಡಿದೆ.

ನೀವು ಮಾಡುವುದಾದರೆ ಮೊದಲು ನಿಮ್ಮ ರಟ್ಟಿನ ದಪ್ಪ ಅಳೆಯಿರಿ. ಹತ್ತು ತುಂಡು ಒಂದರ ಮೇಲೊಂದು ಇಟ್ಟು ಸ್ಕೇಲ್ ಹಿಡಿದು ಹತ್ತರಿಂದ ಭಾಗಿಸಿ. 4 ಮಿ.ಮೀ. ಬಂದರೆ ನನ್ನ 7 ಮತ್ತು 10 ನಡೆಯುವುದಿಲ್ಲ, 9 ಮತ್ತು 13 ಬೇಕಾಗುತ್ತದೆ. ಸೀಳಿನ ಅಗಲ ಮಾತ್ರ ರಟ್ಟಿನ ದಪ್ಪಕ್ಕಿಂತ ಕೂದಲಷ್ಟು ಕಡಿಮೆ ಇರಲಿ, ಬಿಗಿಯಾಗಿ ಹಿಡಿಯುತ್ತದೆ.

ಮಡಿಕೆ ಗೆರೆಗೆ ಕಟ್ಟರ್ ಹಾಕಬೇಡಿ. ಮೇಲಿನ ಕಾಗದ ಕತ್ತರಿಸಿ ಮಡಚಿದರೆ ಸುಲಭ ಅನ್ನಿಸುತ್ತದೆ, ಆದರೆ ನಾಲ್ಕು ಸಲ ಬಿಚ್ಚಿ ಹಾಕಿದರೆ ಹರಿಯುತ್ತದೆ. ಇಂಕು ಮುಗಿದ ಬಾಲ್ ಪೆನ್ನು ತಗೊಂಡು ಸ್ಕೇಲ್ ಇಟ್ಟು ಒತ್ತಿ ಎಳೆಯಿರಿ. ಅಲೆಗೆ ಅಡ್ಡವಾಗಿ ಬರುವ ಗಿಡ್ಡ ಬದಿಯ ಗೆರೆಗಳಿಗೆ ಎರಡು-ಮೂರು ಸಲ ಒತ್ತಬೇಕು, ಇಲ್ಲವಾದರೆ ಹೊರಗಿನ ಕಾಗದ ಬಿರಿಯುತ್ತದೆ. ಅಲೆಯ ದಿಕ್ಕಿನಲ್ಲೇ ಬರುವ ಉದ್ದ ಗೆರೆಗಳ ಕಥೆ ಬೇರೆ. ಅವು ಸಲೀಸಾಗಿ ಮಡಚುತ್ತವೆ, ಆದರೆ ಮಡಿಕೆ ನೀವು ಎಳೆದ ಗೆರೆ ಬಿಟ್ಟು ಪಕ್ಕದ ಅಲೆಯ ತಗ್ಗಿಗೆ ಜಾರುತ್ತದೆ. ಹಾಗಾಗಿ ಸ್ಕೇಲನ್ನು ಗೆರೆಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ಮಡಚಬೇಕು.

ಅಳತೆ ಪ್ರತಿ ಸಲ ಗೀಚುವುದು ಬೇಡ ಅಂತ ಒಂದು ಹಳೆಯ ಪರೀಕ್ಷೆ ಪ್ಯಾಡನ್ನು ಅಚ್ಚು ಮಾಡಿಕೊಂಡೆ. ಇಡೀ ತುಂಡು 224×280 ಮಿ.ಮೀ. ಔಷಧಿ ಅಂಗಡಿಯಿಂದ ಬರುವ ಒಂದು ಅಳತೆಯ ಡಬ್ಬ 45 ಸೆಂ.ಮೀ. ಉದ್ದ, 35 ಅಗಲ, 30 ಎತ್ತರ ಇದೆ. ಅದರ ದೊಡ್ಡ ಗೋಡೆಯಲ್ಲಿ ಎರಡೆರಡು, ಚಿಕ್ಕ ಗೋಡೆಯಲ್ಲಿ ಒಂದೊಂದು, ಒಟ್ಟು ಆರು ಫ್ರೇಮ್ ಬರುತ್ತವೆ. ಮುಚ್ಚಳದ ತುಂಡುಗಳಲ್ಲಿ ಆರೂ ಫ್ರೇಮಿಗೆ ಬೆನ್ನು ರಟ್ಟು ಸಿಗುತ್ತದೆ. ಅಡುಗೆ ಎಣ್ಣೆಯ ಡಬ್ಬ ಮಾತ್ರ ಮುಟ್ಟಬೇಡಿ, ಕಲೆ ನಿಧಾನಕ್ಕೆ ಫೋಟೋಗೆ ಹತ್ತುತ್ತದೆ. ಸೇಬಿನ ಡಬ್ಬ ಗಟ್ಟಿ, ಆದರೆ ತೂತು ಜಾಸ್ತಿ, ತೇವ ಕುಡಿದಿರುತ್ತದೆ.

ಗಾಜಿನ ಬದಲು ಸ್ಪೈರಲ್ ಬೈಂಡಿಂಗಿಗೆ ಮುಂದೆ ಹಾಕುವ ಪಾರದರ್ಶಕ ಹಾಳೆಯನ್ನೇ ಹಾಕಿದೆ. ಇಡೀ ಫ್ರೇಮಿನಲ್ಲಿ ದುಡ್ಡು ಕೊಟ್ಟು ತರುವ ದೊಡ್ಡ ವಸ್ತು ಇದೊಂದೇ, ಅದಕ್ಕೇ ಇದರ ಮೇಲೆ ತುಂಬಾ ತಲೆ ಕೆಡಿಸಿಕೊಂಡೆ. ಫೋಟೋ 102×152 ಮಿ.ಮೀ. ಎ4 ಹಾಳೆಯಲ್ಲಿ ಆ ಅಳತೆಯವು ಮೂರೇ ಬರುತ್ತವೆ. ಅದನ್ನೇ ನಾಲ್ಕು ಸಮ ಭಾಗ ಮಾಡಿದರೆ ಒಂದೊಂದು 105×148 ಮಿ.ಮೀ. ಬರೀ 4 ಮಿ.ಮೀ.ಗೋಸ್ಕರ ಕಾಲು ಹಾಳೆ ಹಾಳು ಅಲ್ವಾ? ಕಿಟಕಿಯ ಎತ್ತರವನ್ನು 146ರಿಂದ 142ಕ್ಕೆ ಇಳಿಸಿದೆ, ಅಗಲ 96 ಹಾಗೇ ಇಟ್ಟೆ. ಹಾಳೆ ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ, ಫೋಟೋದ ತುದಿ ಚೌಕಟ್ಟಿನ ಹಿಂದೆ ಮರೆಯಾಗುತ್ತದೆ. ಈಗ ಒಂದು ಹಾಳೆಗೆ ನಾಲ್ಕು ಫ್ರೇಮ್.

ಕಿಟಕಿಯಿಂದ ಬಂದ ತುಂಡನ್ನೂ ಎಸೆಯುವುದಿಲ್ಲ. ಅದೇ ಸ್ಟ್ಯಾಂಡ್. ಮೇಲಿನ 25 ಮಿ.ಮೀ. ಮಡಚಿ, ಹಿಂದಿನ ಮೇಲ್ಭಾಗದ ರೆಕ್ಕೆಯ ಕೆಳಗೆ ತೂರಿಸಿದರೆ ಕಾಲು ತಯಾರು. ಅದರ ಅಲೆಯೂ ನಿಂತ ದಿಕ್ಕಿನಲ್ಲೇ ಇರುವುದರಿಂದ ಬಾಗುವುದಿಲ್ಲ. ಮೊದಮೊದಲು ಕಾಲು ಹಿಂದಕ್ಕೆ ಜಾರಿ ಫ್ರೇಮ್ ಮಲಗಿಬಿಡುತ್ತಿತ್ತು. ಕಾಲಿಗೂ ಕೆಳಗಿನ ರೆಕ್ಕೆಗೂ ಒಂದು ಗೇಣಿನ ಅರ್ಧದಷ್ಟು ದಾರ ಕಟ್ಟಿದ ಮೇಲೆ ನಿಂತಿತು. ಎಲ್ಲ ಸೇರಿ 50 ಗ್ರಾಂ ಕೂಡ ತೂಗುವುದಿಲ್ಲ, ಹಾಗಾಗಿ ಫ್ಯಾನಿನ ಎದುರಿಗೆ ಇಡುವವರಿಗೆ ಗೋಡೆಗೇ ನೇತುಹಾಕಿ ಅನ್ನುತ್ತೇನೆ.

ಜೋಡಿಸಲು ಸುಲಭವೋ ಇಲ್ಲವೋ ನಾನೇ ನೋಡಿಕೊಂಡರೆ ಪ್ರಯೋಜನವಿಲ್ಲ. ನಮ್ಮ ಅತ್ತೆಗೆ ಒಂದು ಚಪ್ಪಟೆ ಹಾಳೆ ಕೊಟ್ಟು ಸುಮ್ನೆ ಕೂತೆ. ತಿರುಗಿಸಿ ಮುರುಗಿಸಿ ನೋಡಿದರು. "ಇದಕ್ಕ ಗೋಂದು ಎಲ್ಲಿ ಹಚ್ಚೂದವಾ?" ಅಂದರು. "ಗೋಂದು ಬ್ಯಾಡ ಅತ್ತಿ, ಬರೇ ಮಡಚ್ರಿ" ಅಂದೆ. ಅವರು ಗಿಡ್ಡ ರೆಕ್ಕೆ ಮೊದಲು ಮಡಚಿದರು, ಅಲ್ಲಿಗೇ ಕೆಲಸ ನಿಂತಿತು. ತಪ್ಪು ಅವರದಲ್ಲ, ಯಾವುದು ಮೊದಲು ಅಂತ ಹಾಳೆ ಹೇಳುತ್ತಲೇ ಇರಲಿಲ್ಲ. ಮರುದಿನ ರೆಕ್ಕೆಗಳ ಮೇಲೆ 1, 2, 3, 4 ಅಂತ ದಪ್ಪಗೆ ಬರೆದೆ. ಅಂಕಿ ಅತ್ತೆಗೆ ಓದಲು ಬರುತ್ತದೆ. ಎರಡನೇ ಸಲ ಒಂದೂ ಮಾತು ಕೇಳದೆ ಜೋಡಿಸಿ, ಮಾವನ ಫೋಟೋ ಹಾಕಿ ದೇವರ ಮಾಡದ ಪಕ್ಕದಲ್ಲಿಟ್ಟರು. ಅದು ಇನ್ನೂ ಅಲ್ಲೇ ಇದೆ, ದೀಪದಿಂದ ಮಾತ್ರ ದೂರ ಸರಿಸಿದ್ದೇನೆ. ರಟ್ಟು ಅಲ್ವಾ, ಬೆಂಕಿಯ ಹತ್ತಿರ ಬೇಡ.

ಹಳೆಯ ಫೋಟೋ ತರುವವರಿಗೆ ಒಂದು ಮಾತು ಹೇಳಿಯೇ ಕೊಡುತ್ತೇನೆ. ಸಾದಾ ರಟ್ಟಿನಲ್ಲಿ ಆಮ್ಲದ ಅಂಶ ಇರುತ್ತದೆ, ವರ್ಷಗಟ್ಟಲೆ ತಾಗಿದ್ದರೆ ಫೋಟೋ ಹಳದಿಯಾಗುತ್ತದೆ. ನಡುವೆ ಬಿಳಿ ಕಾಗದ ಹಾಕುವುದು ಅದಕ್ಕೇ, ಆದರೆ ಅದೂ ಪೂರ್ತಿ ತಡೆಯುವುದಿಲ್ಲ. ತಂದೆ ತಾಯಿಯ ಇರುವ ಒಂದೇ ಫೋಟೋ ಆಗಿದ್ದರೆ ಸ್ಕ್ಯಾನ್ ಮಾಡಿಸಿ, ಪ್ರಿಂಟನ್ನು ಫ್ರೇಮಿಗೆ ಹಾಕಿ, ಅಸಲನ್ನು ಒಣ ಜಾಗದಲ್ಲಿ ಎತ್ತಿಡಿ. ಮಳೆಗಾಲದಲ್ಲಿ ಬೆವರುವ ಗೋಡೆಗೆ ರಟ್ಟಿನ ಫ್ರೇಮ್ ತಾಗಿಸಬೇಡಿ, ಗೆದ್ದಲು ಹುಡುಕಿಕೊಂಡು ಬರುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ನನಗೆ ರಟ್ಟಿನ ಮಣ್ಣು ಬಣ್ಣವೇ ಇಷ್ಟ. ಲ್ಯಾಮಿನೇಶನ್ ಮಶೀನ್ ಅಂಗಡಿಯಲ್ಲೇ ಇದ್ದರೂ ಫ್ರೇಮಿನ ಕಾಗದಕ್ಕೆ ಬಳಸುವುದಿಲ್ಲ. ಪ್ಲಾಸ್ಟಿಕ್ ಅಂಟಿದ ರಟ್ಟು ಮತ್ತೆ ಕಾಗದ ಆಗುವುದು ಕಷ್ಟ, ರದ್ದಿಯವರೂ ಬೇಡ ಅನ್ನುತ್ತಾರೆ. ಹಾಳಾದ ದಿನ ಪಾರದರ್ಶಕ ಹಾಳೆ ತೆಗೆದಿಟ್ಟು ಉಳಿದದ್ದನ್ನು ರದ್ದಿಗೆ ಹಾಕಲು ಬರಬೇಕು, ಇಲ್ಲದಿದ್ದರೆ ರಟ್ಟಿನಲ್ಲಿ ಮಾಡಿದ್ದಕ್ಕೆ ಏನು ಅರ್ಥ? ಮದುವೆ ಉಡುಗೊರೆಗೆ ಕೇಳಿದವರಿಗೆ ಕಪ್ಪು ಬಣ್ಣ ಹಚ್ಚಿ, ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಬಳ್ಳಿ ಬಿಡಿಸಿ ಕೊಟ್ಟೆ. ಚೆನ್ನಾಗಿ ಹೋಯಿತು. ಒಬ್ಬರು ಇದಕ್ಕೆ "ಬಿದರಿ ಫ್ರೇಮ್" ಅಂತ ಹೆಸರಿಡಿ, 100 ರೂಪಾಯಿಗೆ ಮಾರಬಹುದು ಅಂದರು. ನಾನು ಒಪ್ಪಲಿಲ್ಲ. ಬಿದರಿ ಅಂದರೆ ಸತು-ತಾಮ್ರದ ಲೋಹ, ಅದನ್ನು ಕೊರೆದು ಕೂರಿಸಿದ ಬೆಳ್ಳಿ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು. 2006ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪಕ್ಕದ ಜಿಲ್ಲೆಯಲ್ಲಿ ಜನ ಅದರಲ್ಲೇ ಹೊಟ್ಟೆ ಹೊರೆಯುತ್ತಿರುವಾಗ ಪೆನ್ನಿನ ಗೆರೆಗೆ ಆ ಹೆಸರು ಇಡಬಾರದು.

ಲೆಕ್ಕ ಹೇಳಿಬಿಡುತ್ತೇನೆ. ಡಬ್ಬ, ಹಾಳೆ, ದಾರ, ಬ್ಲೇಡು ಸೇರಿ ಒಂದು ಫ್ರೇಮಿಗೆ 8 ರೂಪಾಯಿ ಹತ್ತಿರ ಬೀಳುತ್ತದೆ. ಕತ್ತರಿಸಿ ಗೆರೆ ಒತ್ತಲು ಮೊದಲು ಅರ್ಧ ಗಂಟೆ ಬೇಕಾಗುತ್ತಿತ್ತು, ಅಚ್ಚು ಬಂದ ಮೇಲೆ ಹತ್ತು ನಿಮಿಷ. ಬ್ಲೇಡಿನ ತುದಿ ಪ್ರತಿ ನಾಲ್ಕೈದು ಫ್ರೇಮಿಗೆ ಮುರಿದು ಹೊಸದು ಮಾಡಿಕೊಳ್ಳುತ್ತೇನೆ, ಮೊಂಡು ಬ್ಲೇಡು ರಟ್ಟನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. 30 ರೂಪಾಯಿಗೆ ಮಾರುತ್ತೇನೆ, ಫೋಟೋ ಸೇರಿ 50.

ಈಗ ಶಾಲೆಯವರು ಮಕ್ಕಳ ಸರ್ಟಿಫಿಕೇಟಿಗೆ ಎ4 ಅಳತೆಯದು ಕೇಳುತ್ತಿದ್ದಾರೆ. ಮೂರು ಪದರದಲ್ಲಿ ಮಾಡಿದೆ, ಮಧ್ಯದಲ್ಲಿ ಜೋತು ಬಿತ್ತು. ಫ್ರಿಜ್ಜಿನ ಡಬ್ಬ ಒಂದು ಸಿಕ್ಕಿದೆ, ಐದು ಪದರ, ಅಳೆದರೆ 6 ಮಿ.ಮೀ. ಬೆನ್ನು ರಟ್ಟು ಮಾತ್ರ ಮೂರು ಪದರದ್ದೇ ಇಟ್ಟು, ಉದ್ದ ಬದಿಯ ಗೋಡೆ 10, ಗಿಡ್ಡ ಬದಿಯದು 16 ಅಂತ ಗೆರೆ ಎಳೆದಿಟ್ಟಿದ್ದೇನೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಕತ್ತರಿಸಬೇಕು.