ಸ್ಟಾಪಿನ ಚಿಲ್ಲರೆ ಲೆಕ್ಕ: ನನ್ನ ಅನುಭವ

ಬಸವನಗುಡಿ, ಮಲ್ಲೇಶ್ವರದ ಛತ್ರಗಳಲ್ಲಿ ಎರಡು ಕ್ಯಾಮೆರಾ ಇಟ್ಟು ಮದುವೆ ವಿಡಿಯೋ ಮಾಡುವವರಿಗೆ ಈ ತಲೆನೋವು ಗೊತ್ತು. ಧಾರೆ ಹೊತ್ತಿಗೆ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಝೂಮ್ ಮಾಡಿದರೆ ಎಫ್ ನಂಬರ್, ಅಂದರೆ ಬೆಳಕು ಬಿಡುವ ಕಿಂಡಿಯ ಅಳತೆ, 3.5 ಇದ್ದದ್ದು ಸದ್ದಿಲ್ಲದೆ 5.6 ಆಗುತ್ತದೆ; ನಂಬರ್ ಏರಿದಷ್ಟೂ ಬೆಳಕು ಕಡಿಮೆ. ಪಕ್ಕದ ಕ್ಯಾಮೆರಾದ 50 ಎಂಎಂ ಮಾತ್ರ 2.8ರಲ್ಲೇ ಕೂತಿರುತ್ತದೆ. ಕ್ಲಿಪ್ ಜೋಡಿಸಿದರೆ ಒಂದು ಬೆಳಕು, ಒಂದು ಮಬ್ಬು. ಸರಿಮಾಡಲು ಎಡಿಟರ್ ಮದುವೆಗೆ ಎರಡು ಸಾವಿರದಷ್ಟು ಜಾಸ್ತಿ ಕೇಳುತ್ತಿದ್ದರು. ಒಂದು ಸೀಸನ್‌ನಲ್ಲಿ ಒಳ್ಳೇ ಸೆಕೆಂಡ್ ಹ್ಯಾಂಡ್ ಲೆನ್ಸಿನ ದುಡ್ಡೇ ಹೋಯಿತು.

ಆಟೋ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟವನ್ನು ಕ್ಯಾಮೆರಾವೇ ಬದಲಿಸುವ ವ್ಯವಸ್ಥೆ) ಹಾಕಿ ನೋಡಿದೆ. ಬಿಳಿ ಪಂಚೆ ಫ್ರೇಮಿಗೆ ಬಂದರೆ ಮುಖ ಕಪ್ಪು. ಲೆನ್ಸ್ ಮುಂದೆ ಹಾಕಿ ಬೆಳಕು ತಗ್ಗಿಸುವ ಫಿಲ್ಟರ್, ಅಗ್ಗದ ವೇರಿಯಬಲ್ ಎನ್‌ಡಿ ಕೊಂಡೆ. ಆರತಕ್ಷತೆ ಸ್ಟೇಜೆಲ್ಲ ಹಸಿರು.

ಕೊನೆಗೆ ಮಗಳ ಕ್ಯಾಲ್ಕುಲೇಟರ್ ಹಿಡಿದು ಕೂತೆ. "ಗುರುವೇ, ಪರದೆ ಮೇಲಿನ ಬೆಳಕಿನ ಗ್ರಾಫ್, ಆ ಹಿಸ್ಟೋಗ್ರಾಮ್ ಸಾಲದಾ? ಪಿಯುಸಿ ಗಣಿತ ಯಾಕೆ?" ಅಂತ ಜೊತೆಗಾರ ನಕ್ಕ. ದೊಡ್ಡ ಎಫ್ ನಂಬರನ್ನು ಚಿಕ್ಕದರಿಂದ ಭಾಗಿಸಿ, ಲಾಗ್ ಒತ್ತಿ, 6.64ರಿಂದ ಗುಣಿಸಿದರೆ ಎಷ್ಟು ಸ್ಟಾಪ್ ವ್ಯತ್ಯಾಸ ಅಂತ ಸಿಗುತ್ತದೆ; ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಅಥವಾ ದುಪ್ಪಟ್ಟಾಗುವುದು. ಅಷ್ಟೇ. 5.6ನ್ನು 3.5ರಿಂದ ಭಾಗಿಸಿದರೆ 1.6, ಉತ್ತರ 1.36 ಸ್ಟಾಪ್. ಐಎಸ್‌ಒ 800ರಿಂದ ನಾಲ್ಕು ಕ್ಲಿಕ್ (ಒಂದು ಕ್ಲಿಕ್ ಅಂದರೆ ಮೂರನೇ ಒಂದು ಸ್ಟಾಪ್): 1000, 1250, 1600, 2000. 2.8ಕ್ಕೂ 3.5ಕ್ಕೂ ನಡುವೆ 0.64, ಅಂದರೆ ಎರಡು ಕ್ಲಿಕ್.

ಮಂತ್ರ ನಡೆಯುವಾಗ ಲಾಗ್ ಒತ್ತುತ್ತಾ ಕೂರೋಕಾಗಲ್ಲ ಅಲ್ವಾ? ಭಾಗಿಸಿದಾಗ 1.12 ಬಂದರೆ ಮೂರನೇ ಒಂದು ಸ್ಟಾಪ್, 1.19 ಅರ್ಧ, 1.26 ಮೂರನೇ ಎರಡು, 1.41 ಪೂರ್ತಿ. ಇದು ಬಾಯಿಪಾಠ. ಝೂಮ್ ರಿಂಗಿಗೆ ಬಿಳಿ ಟೇಪ್ ಸುತ್ತಿದ್ದೇನೆ. 35 ಎಂಎಂ ಝೂಮಿನಲ್ಲಿ ನನ್ನ ಲೆನ್ಸ್ 4.5 ತೋರಿಸುತ್ತದೆ, 3.5ಕ್ಕಿಂತ ಎಷ್ಟು ಸ್ಟಾಪ್ ಬೆಳಕು ಕಡಿಮೆ ಅಂತ ಅಲ್ಲಿ ಮಾರ್ಕರ್‌ನಲ್ಲಿ "ಮೈನಸ್ 0.7". 55ರ ಎದುರು "ಮೈನಸ್ 1.36".

ಹುಚ್ಚು ಹಿಡಿದ ಮೇಲೆ ಬಿಡುತ್ತದೆಯೇ? ಮಾಂಗಲ್ಯದ ಕ್ಲೋಸಪ್‌ಗೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಗಿಸುವ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದೆ. ಎಫ್ ನಂಬರ್ ಮುಟ್ಟದಿದ್ದರೂ, ವಸ್ತು ಸೆನ್ಸರ್ ಮೇಲೆ ಅರ್ಧ ಸೈಜಿನಲ್ಲಿ ಬಿದ್ದರೆ 1.17 ಸ್ಟಾಪ್, ಪೂರ್ತಿ ಸೈಜಿನಲ್ಲಿ ಎರಡು ಸ್ಟಾಪ್ ಬೆಳಕು ಹೋಗುತ್ತದೆ. ಇನ್ನೊಂದು ದಿನ ಹಳೆಯ ಹೀಲಿಯೋಸ್ 44-2 ಲೆನ್ಸ್, ಹೊಸ 50 ಎಂಎಂ ಎರಡನ್ನೂ ಎಫ್ 4ರಲ್ಲಿಟ್ಟು ಬಿಳಿ ಗೋಡೆ ಶೂಟ್ ಮಾಡಿದೆ. ಸುಮಾರು ಕಾಲು ಸ್ಟಾಪ್ ವ್ಯತ್ಯಾಸ. ಗಾಜು ನುಂಗುವ ಬೆಳಕು ಎಫ್ ನಂಬರಿನಲ್ಲಿ ಬರುವುದಿಲ್ಲ, ಸಿನಿಮಾದವರು ಟಿ-ಸ್ಟಾಪ್ (ಗಾಜು ದಾಟಿ ನಿಜಕ್ಕೂ ಬರುವ ಬೆಳಕಿನ ಅಳತೆ) ನೋಡುವುದು ಅದಕ್ಕೇ. ಆ ಕಾಲು ಸ್ಟಾಪ್ ವ್ಯತ್ಯಾಸವನ್ನು ನಾನು ಹೇಗೆ ಮುಚ್ಚುತ್ತೇನೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಈಗ ಎಡಿಟರ್ ಆ ಎರಡು ಸಾವಿರದ ಮಾತೇ ಎತ್ತಲ್ಲ. ಹಿಸ್ಟೋಗ್ರಾಮ್ ಗೆಳೆಯನೂ ಟೇಪ್ ಸುತ್ತಿಸಿಕೊಂಡಿದ್ದಾನೆ. ನನ್ನ ಅಂಕಿಗಳನ್ನೇ ಬರೆದುಕೊಳ್ಳಲು ಹೊರಟಿದ್ದ, ತಡೆದೆ. ಅವನದು ಬೇರೆ ಕಂಪನಿ ಲೆನ್ಸ್, 35ರಲ್ಲಿ 5 ತೋರಿಸುತ್ತದೆ. ಅಲ್ಲಿ ಮೈನಸ್ 1.03 ಬರೆಯಬೇಕು.