ಮುಟ್ಟಿದರೆ ಮುನಿಯುವ ಜೀವಕೋಶದಲ್ಲಿ ಕ್ಯಾಲ್ಸಿಯಂ ಅಳೆಯುವುದು

ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆಯಾದ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಶ್ವಾಸನಾಳದ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಅಳೆಯಲು ಹೊಸಬರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇವನ್ನು ಬೆಳೆಯಲು ಹಾಕಿ ಎಷ್ಟು ದಿನವಾಯಿತು? ರೋಗಿಯ ಮ್ಯುಟೇಶನ್, ಅಂದರೆ ಜೀನಿನ ದೋಷ, ಎಫ್508ಡೆಲ್ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ದಿನಾಂಕವನ್ನು ಮಾತ್ರ ಬರೆದಿಟ್ಟಿರುವುದಿಲ್ಲ.

ದಿನಾಂಕದ ಹಟ ಸುಮ್ಮನೆ ಬಂದದ್ದಲ್ಲ. 1989ರಲ್ಲಿ ಪತ್ತೆಯಾದ, ಕೆಟ್ಟರೆ ಈ ರೋಗ ತರುವ ಸಿಎಫ್‌ಟಿಆರ್ ಜೀನ್ ತಯಾರಿಸುವ ಪ್ರೋಟೀನು ಕ್ಲೋರೈಡ್ ಹಾಯುವ ಕಿಂಡಿ. ಅದರ ಮೂಲಕ ಕ್ಯಾಲ್ಸಿಯಂ ಹರಿಯುವುದಿಲ್ಲ. ಆದರೂ ರೋಗಿಯ ಶ್ವಾಸಕೋಶದಿಂದ ಹೊಸದಾಗಿ ಬಿಡಿಸಿ ತಂದ ಜೀವಕೋಶಗಳ ಗಾಳಿಯ ಬದಿಗೆ ಯುಟಿಪಿ (ಜೀವಕೋಶವನ್ನು ಕೆರಳಿಸುವ ಒಂದು ರಾಸಾಯನಿಕ) ಹಾಕಿದರೆ, ಒಳಗಿನ ಕ್ಯಾಲ್ಸಿಯಂ ಆರೋಗ್ಯವಂತರ ಜೀವಕೋಶಗಳಿಗಿಂತ ಜೋರಾಗಿ ಏರುತ್ತದೆ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಕಾರ್ಲಾ ರಿಬೇರೊ, ರಿಚರ್ಡ್ ಬೌಚರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, 6ರಿಂದ 11 ದಿನದ ಕಲ್ಚರಿನಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ) ಕಾಣುವ ಈ ಅಬ್ಬರ 30–40 ದಿನಗಳಾಗುವಷ್ಟರಲ್ಲಿ ಇಳಿದುಹೋಗುತ್ತದೆ. ಮ್ಯುಟೇಶನ್ ಇದ್ದಲ್ಲೇ ಇರುತ್ತದೆ. ಹೋದದ್ದು ಸೋಂಕು ಮತ್ತು ಕೀವಿನ ಸಹವಾಸ. ರೋಗಿಯ ಕಫದಿಂದ ತೆಗೆದ ತಿಳಿಯನ್ನು ಆರೋಗ್ಯವಂತ ಜೀವಕೋಶಗಳ ಮೇಲೆ ಹಾಕಿದಾಗ ಅವುಗಳಲ್ಲೂ ಕ್ಯಾಲ್ಸಿಯಂ ಕಣಜವಾದ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಹಿಗ್ಗಿತು, ಏರಿಕೆಯೂ ದೊಡ್ಡದಾಯಿತು. ಹಾಗಾಗಿ ಹತ್ತು ದಿನದ ಕಲ್ಚರನ್ನು ನಲವತ್ತು ದಿನದ್ದರ ಪಕ್ಕದಲ್ಲಿಟ್ಟು ರೋಗದ ಬಗ್ಗೆ ತೀರ್ಪು ಕೊಡಬೇಡಿ.

ಇನ್ನು ಕೆಲಸಕ್ಕೆ ಬರೋಣ. ಮೇಲ್ಮೈಯ ಲೋಳೆಯನ್ನು ಹಿಂದಿನ ದಿನವೇ ಬೆಚ್ಚಗಿನ ಬಫರ್ ದ್ರಾವಣದಿಂದ ತೊಳೆದಿಡಿ. ಲೋಳೆ ಉಳಿದರೆ, ಕ್ಯಾಲ್ಸಿಯಂ ಹಿಡಿದಾಗ ಹೊಳಪು ಬದಲಿಸುವ ಬಣ್ಣ ಒಳಗಿಳಿಯುವುದಿಲ್ಲ. ಅಳೆಯುವ ಹೊತ್ತಿನಲ್ಲಿ ತೊಳೆದರೆ ಆಗುವ ಅನಾಹುತವನ್ನು ಮುಂದೆ ಹೇಳುತ್ತೇನೆ. ಬಣ್ಣಕ್ಕೆ ನಾನು ಈಗಲೂ ಫ್ಯೂರಾ-2 ಎಎಂ ಬಳಸುತ್ತೇನೆ: ಕೆಲವು ಮೈಕ್ರೋಮೋಲಾರ್, ಜೊತೆಗೆ ಅದನ್ನು ಕರಗಿಸಲು ಚೂರು ಪ್ಲುರಾನಿಕ್, ಮುಕ್ಕಾಲು ಗಂಟೆ ಕತ್ತಲೆಯಲ್ಲಿ. ಈ ಜೀವಕೋಶಗಳು ಬಣ್ಣವನ್ನು ಹೊರಗೆ ದೂಡುವುದರಲ್ಲಿ ನಿಸ್ಸೀಮರು. ಅದಕ್ಕೆ ಪ್ರೊಬೆನೆಸಿಡ್ ಸೇರಿಸಿ. ಆಮೇಲೆ ಅರ್ಧ ಗಂಟೆ ಬಿಟ್ಟರೆ ಒಳಹೊಕ್ಕ ಬಣ್ಣಕ್ಕೆ ಅಂಟಿದ ಎಸ್ಟರ್ ಎಂಬ ಬಾಲ ಕಡಿದು ಅದು ಕೆಲಸಕ್ಕೆ ಸಿದ್ಧವಾಗುತ್ತದೆ. 340 ಮತ್ತು 380 ನ್ಯಾನೊಮೀಟರಿನ ಬೆಳಕನ್ನು ಸರದಿಯಲ್ಲಿ ಬಿಟ್ಟು, 510ರಲ್ಲಿ ಹೊರಬರುವ ಹೊಳಪಿನ ಅನುಪಾತ ತೆಗೆಯಿರಿ; ಕ್ಯಾಲ್ಸಿಯಂ ಏರಿದಂತೆ ಅದೂ ಏರುತ್ತದೆ. ಒಂದು ಜೀವಕೋಶ ಬಣ್ಣ ಹೆಚ್ಚು ಕುಡಿದಿರಲಿ, ಇನ್ನೊಂದು ಕಡಿಮೆ ಕುಡಿದಿರಲಿ, ಅನುಪಾತ ಆ ಏರುಪೇರನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ.

ಈಗ ಆ ಅನಾಹುತ. ನನ್ನ ಮೊದಲ ವರ್ಷ, ಯುಟಿಪಿ ಹಾಕುವ ಮುಂಚೆಯೇ ಪರದೆಯ ಮೇಲೆ ಆ ಅನುಪಾತದ ಗೆರೆ ಚಂಗನೆ ಜಿಗಿಯುತ್ತಿತ್ತು. ಒಂದು ಜೀವಕೋಶ ಹೊಳೆದು, ನೆರೆಯದು ಹೊಳೆದು, ಕೊಳಕ್ಕೆ ಕಲ್ಲೆಸೆದಂತೆ ಅಲೆ ಹರಡುತ್ತಿತ್ತು. ಏನೋ ಹೊಸತನ್ನು ಕಂಡುಹಿಡಿದೆ ಎಂದು ಎರಡು ರಾತ್ರಿ ನಿದ್ದೆ ಬಿಟ್ಟೆ. ಮೂರನೆಯ ದಿನ ಗಮನಿಸಿದರೆ, ನಾನು ಪಿಪೆಟ್ಟಿನ ಗುಂಡಿ ಒತ್ತಿದಾಗಲೆಲ್ಲ ಅದು ಜಿಗಿಯುತ್ತಿತ್ತು! ಶ್ವಾಸನಾಳದ ಜೀವಕೋಶ ನಮ್ಮ ಮುಟ್ಟಿದರೆ ಮುನಿ ಗಿಡದಂತೆ. ದ್ರವ ರಭಸದಿಂದ ತಾಗಿದರೆ ಸಾಕು, ಯುಟಿಪಿಯ ನೆಂಟ ಎಟಿಪಿಯನ್ನು ಹೊರಗೆ ಬಿಡುತ್ತದೆ. ಅದು ಮೇಲ್ಮೈಯಲ್ಲಿರುವ ಪಿ2ವೈ2 ಗ್ರಾಹಕಕ್ಕೆ ಕೂತು, ಐಪಿ3 ಎಂಬ ಸಂದೇಶವಾಹಕ ಅಣುವನ್ನು ಹುಟ್ಟಿಸಿ, ಇಆರ್‌ನ ಬಾಗಿಲು ತೆರೆಸುತ್ತದೆ. ಯುಟಿಪಿ ಹಿಡಿಯುವ ದಾರಿಯೂ ಅದೇ. ನೀವು ಹಾಕಿದ್ದು ಯಾವುದು, ಬೆಚ್ಚಿದ ಜೀವಕೋಶವೇ ಬಿಟ್ಟದ್ದು ಯಾವುದು ಎಂದು ಗೆರೆ ನೋಡಿ ಹೇಳಲಾಗದು.

ಆದ್ದರಿಂದ ಪಿಪೆಟ್ಟಿನ ತುದಿಯನ್ನು ಗೋಡೆಗೆ ಆನಿಸಿ ದ್ರವವನ್ನು ಜಾರಲು ಬಿಡಿ. ಬರಿಯ ಬಫರನ್ನು ಅಷ್ಟೇ ಅಳತೆಯಲ್ಲಿ, ಅಷ್ಟೇ ನಿಧಾನವಾಗಿ ಮೊದಲು ಹಾಕಿ ನೋಡಿ. ಗೆರೆ ಅಲುಗಿದರೆ ಕೈ ಇನ್ನೂ ಪಳಗಿಲ್ಲ ಎಂದೇ ಲೆಕ್ಕ. ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಅದು ತಣ್ಣಗಿದ್ದರೆ ಮಾತ್ರ 100 ಮೈಕ್ರೋಮೋಲಾರ್ ಯುಟಿಪಿ.

ಏರಿದ ಕ್ಯಾಲ್ಸಿಯಂ ಕಣಜದ್ದೋ ಹೊರಗಿನದೋ ಎಂದು ಬಿಡಿಸಬೇಕಲ್ಲ? ಕ್ಯಾಲ್ಸಿಯಂ ಇಲ್ಲದ ಬಫರಿನಲ್ಲಿ ಥಾಪ್ಸಿಗಾರ್ಜಿನ್ ಹಾಕಿದರೆ ಇಆರ್‌ಗೆ ತುಂಬುವ ಪಂಪು ನಿಂತು ಕಣಜ ಸೋರಿ ಬರಿದಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಮರಳಿಸಿದಾಗ ಕಾಣುವ ಏರಿಕೆ ಒರಾಯ್1 ಮುಂತಾದ ಹೊರಬಾಗಿಲುಗಳದ್ದು. ಕ್ಯಾಲ್ಸಿಯಂ ಇಲ್ಲದ ಆ ಬಫರಿಗೆ, ಉಳಿದ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಹಾಕುವುದನ್ನು ಮರೆಯಬೇಡಿ. ಶುದ್ಧ ಎಂದುಕೊಂಡ ನೀರಿನಲ್ಲೂ ಗಾಜಿನ ಸೀಸೆಯಲ್ಲೂ ಕ್ಯಾಲ್ಸಿಯಂ ಇರುತ್ತದೆ. 1880ರ ದಶಕದಲ್ಲಿ ಬ್ರಿಟಿಷ್ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯಕ್ಕೆ ಕ್ಯಾಲ್ಸಿಯಂ ಬೇಕೆಂದು ಕಂಡುಕೊಂಡದ್ದೇ ದ್ರಾವಣಕ್ಕೆ ಲಂಡನ್ನಿನ ನಲ್ಲಿ ನೀರು ಸೇರಿದ್ದರಿಂದ. ಅವರಿಗೆ ಒಲಿದ ಅದೃಷ್ಟ ನಿಮಗೆ ಒಲಿಯುತ್ತದೆಂದು ಕಾಯಬೇಡಿ.

ಗೆರೆ ಎತ್ತರಕ್ಕೆ ಹೋಯಿತೆಂದು ಹಿಗ್ಗುವುದೂ ಬೇಡ. ಕ್ಯಾಲ್ಸಿಯಂ ಏರಿದರೆ ಟಿಎಂಇಎಂ16ಎ ಎಂಬ ಇನ್ನೊಂದು ಕ್ಲೋರೈಡ್ ಕಿಂಡಿ ತೆರೆಯುತ್ತದೆ. 2008ರಲ್ಲಿ ಗುರುತಿಸಲಾದ ಇದು ಸಿಎಫ್‌ಟಿಆರ್ ಕೈಕೊಟ್ಟಲ್ಲಿ ಆಸರೆಯಾದೀತು ಎಂಬ ಆಸೆ ಹಲವರದ್ದು. ಆದರೆ ಅದೇ ಕ್ಯಾಲ್ಸಿಯಂ ಉರಿಯೂತ ಕರೆಯುವ ಐಎಲ್-8 ಎಂಬ ಪ್ರೋಟೀನನ್ನೂ ಹೆಚ್ಚಿಸುತ್ತದೆ. ಪಿ2ವೈ2 ಗ್ರಾಹಕವನ್ನೇ ಎಬ್ಬಿಸಲು ಹೊರಟ ಡೆನುಫೊಸಾಲ್ ಎಂಬ ಔಷಧಿ 2011ರಲ್ಲಿ ಮೂರನೆಯ ಹಂತದ ಪರೀಕ್ಷೆಯಲ್ಲಿ ಸೋತಿತು.

ಕೊನೆಗೆ, ಕರಗಿಸಿದ ಯುಟಿಪಿ ಮಿಕ್ಕರೆ ಚೆಲ್ಲಿ, ಮತ್ತೆ ಫ್ರೀಜರಿಗೆ ಇಡಬೇಡಿ. ಸಣ್ಣ ಸಣ್ಣ ಟ್ಯೂಬುಗಳಲ್ಲಿ ಮೊದಲೇ ಹಂಚಿಟ್ಟಿರಿ, ಒಂದೊಂದರ ಮೇಲೂ ದಿನಾಂಕ ಬರೆಯಿರಿ.